ಮಷೀನ್ ತುಂಬಿಸುವವರ ಗಾಡಿ ನಿಲ್ಲೋದೆಲ್ಲಿ?

ಸಂಪಾದಕರಿಗೆ ನಮಸ್ಕಾರ.

ಸ್ವಂತ ಉದ್ಯೋಗದ ಬಗ್ಗೆ ಬರೆಯುವವರೆಲ್ಲ ಈಗೀಗ ವೆಂಡಿಂಗ್ ಮಷೀನನ್ನು, ಅಂದರೆ ದುಡ್ಡು ಕಟ್ಟಿದರೆ ತಾನಾಗೇ ತಿಂಡಿ, ನೀರು ಕೊಡುವ ಮಷೀನನ್ನು, ತಪ್ಪದೆ ಸೇರಿಸುತ್ತಾರೆ. ನಿಮ್ಮ ಪತ್ರಿಕೆಯಲ್ಲೂ ಬಂದಿತ್ತು. ಒಂದು ಮಷೀನ್ ತಂದು ಆಸ್ಪತ್ರೆಯಲ್ಲೋ ಪಿಜಿಯಲ್ಲೋ ನಿಲ್ಲಿಸಿಬಿಟ್ಟರೆ ಆಯ್ತು, ಅಂಗಡಿ ಬಾಡಿಗೆ ಇಲ್ಲ, ಕೂತು ಕಾಯುವವರು ಬೇಡ, ನೀವು ಮಲಗಿದ್ದರೂ ದುಡ್ಡು ಬರುತ್ತಿರುತ್ತೆ ಅಂತ. ಮಷೀನ್ ಮಾರುವವರು ಹೀಗೆ ಹೇಳಿದರೆ ಬಿಡಿ, ಅವರ ವ್ಯಾಪಾರ ಅದು. ಪತ್ರಿಕೆಯೂ ಅದನ್ನೇ ಹೇಳಿದರೆ ಓದಿದ ಹುಡುಗರು ಸಾಲ ಮಾಡಿ ಮಷೀನ್ ತರುತ್ತಾರೆ, ಅಲ್ವಾ?

ನಾನು ಬೆಂಗಳೂರಿನ ಪೂರ್ವಕ್ಕೆ, ಕೆ.ಆರ್. ಪುರ, ಮಾರತ್ತಹಳ್ಳಿ, ವೈಟ್‌ಫೀಲ್ಡ್ ಸುತ್ತಮುತ್ತ ಇಂಥ ಕೆಲವು ಮಷೀನ್ ನಡೆಸುತ್ತೇನೆ. ಸಣ್ಣ ಕಂಪನಿಗಳು, ಒಂದೆರಡು ಆಸ್ಪತ್ರೆ, ಉಳಿದದ್ದು ಪಿಜಿಗಳು. ಮಷೀನ್ ತಾನಾಗಿ ಮಾರುತ್ತೆ, ಅದು ನಿಜ. ತಾನಾಗಿ ತುಂಬಿಕೊಳ್ಳಲ್ಲ. ಈ ವ್ಯಾಪಾರದ ಮುಕ್ಕಾಲು ಪಾಲು ಕೆಲಸ ಸಾಮಾನು ಜೋಡಿಸೋದು, ಗಾಡಿಗೆ ಹಾಕೋದು, ಇಳಿಸೋದು, ತಳ್ಳಿಕೊಂಡು ಹೋಗೋದು. ಅದರ ಬಗ್ಗೆ ಯಾರೂ ಬರೆಯಲ್ಲ. ಅದಕ್ಕೇ ಈ ಪತ್ರ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ, ಮುಂದಿನದ್ದೆಲ್ಲ ಅದರ ಮೇಲೇ ನಿಂತಿದೆ. ಹೊರದೇಶದ ವಿಡಿಯೊಗಳಲ್ಲಿ ಮಷೀನ್‌ನವರು ತಮಗೆ ಬೇಕಾದ ಬೆಲೆ ಹಾಕಿಕೊಳ್ಳೋದನ್ನು ನೋಡಿ ನಮ್ಮವರು ಆಸೆ ಪಡುತ್ತಾರೆ. ಇಲ್ಲಿ ಹಾಗೆ ನಡೆಯಲ್ಲ. ಪ್ಯಾಕೆಟ್ ಮೇಲಿನ ಎಂಆರ್‌ಪಿಗಿಂತ ಜಾಸ್ತಿ ತಗೊಂಡರೆ ತೂಕ ಮತ್ತು ಅಳತೆ ಇಲಾಖೆಯವರು ಕೇಸ್ ಹಾಕಬಹುದು. ಮಾಲ್‌ಗೆ ಒಂದು, ಬೀದಿ ಅಂಗಡಿಗೆ ಇನ್ನೊಂದು ಅಂತ ಒಂದೇ ಪ್ಯಾಕಿಗೆ ಎರಡು ಎಂಆರ್‌ಪಿ ಹಾಕುವ ಆಟಕ್ಕೂ 2018ರ ಜನವರಿಯಿಂದ ತಡೆ ಬಿದ್ದಿದೆ. ಒಳ್ಳೆಯದೇ ಆಯ್ತು, ನಾನೂ ಒಬ್ಬ ಗಿರಾಕಿ ತಾನೇ. ಆದರೆ ಅದರಿಂದ ಆಗೋದೇನು ಅಂದರೆ, ಇಪ್ಪತ್ತು ರೂಪಾಯಿಯ ಚಿಪ್ಸ್ ಮಾರಿದರೆ ನಮ್ಮ ಕೈಗೆ ಬರೋದು ಡಿಸ್ಟ್ರಿಬ್ಯೂಟರ್ ಬಿಟ್ಟುಕೊಡುವ ಎರಡು-ಮೂರು ರೂಪಾಯಿ, ಅದರಲ್ಲೇ ಜಾಗ ಕೊಟ್ಟವರ ಕಮಿಷನ್, ಕರೆಂಟ್, ಡೀಸೆಲ್, ಹುಡುಗನ ಸಂಬಳ, ಮಷೀನ್‌ನ ಕಂತು ಎಲ್ಲ ಆಗಬೇಕು. ಬೆಲೆ ಏರಿಸೋಕೆ ಆಗಲ್ಲ. ಹಾಗಾಗಿ ಉಳಿಸೋದಿದ್ದರೆ ಸಾಗಾಟದಲ್ಲೇ ಉಳಿಸಬೇಕು. ಒಂದು ಸುತ್ತು ವ್ಯರ್ಥ ಆದರೆ ಆ ಮಷೀನ್‌ನ ಆ ದಿನದ ಲಾಭ ಹೋಯ್ತು ಅಂತಲೇ ಲೆಕ್ಕ.

ಈಗ ಜೋಡಿಸುವ ವಿಷಯ. ಮಷೀನ್ ಒಳಗೆ ಒಂದರ ಮೇಲೊಂದು ಟ್ರೇ, ಪ್ರತಿ ಟ್ರೇಯಲ್ಲೂ ಉದ್ದಕ್ಕೆ ಸ್ಪ್ರಿಂಗ್ ಸಾಲು. ಸ್ಪ್ರಿಂಗ್‌ನ ಎರಡು ಸುತ್ತಿನ ನಡುವೆ ಒಂದು ಪ್ಯಾಕೆಟ್ ನಿಲ್ಲುತ್ತೆ. ಗಿರಾಕಿ ದುಡ್ಡು ಕಟ್ಟಿದ ಮೇಲೆ ಮೋಟರ್ ಒಂದು ಸುತ್ತು ತಿರುಗುತ್ತೆ, ಮುಂದಿನ ಪ್ಯಾಕೆಟ್ ಬೀಳುತ್ತೆ, ಹಿಂದಿನವೆಲ್ಲ ಒಂದೊಂದು ಹೆಜ್ಜೆ ಮುಂದೆ ಬರುತ್ತವೆ. ಇದರಿಂದ ಖಾಲಿ ಜಾಗ ಯಾವಾಗಲೂ ಹಿಂದುಗಡೆಯೇ ಇರುತ್ತೆ. ಟ್ರೇಯನ್ನು ಪೂರ್ತಿ ಹೊರಗೆ ಎಳೆದು ಹಿಂದೆ ತುಂಬಿದರೆ ಹಳೇ ಮಾಲು ತಾನಾಗೇ ಮೊದಲು ಖರ್ಚಾಗುತ್ತೆ. ಚೆನ್ನಾಗಿ ಯೋಚಿಸಿ ಮಾಡಿದ ವ್ಯವಸ್ಥೆ. ಆದರೆ ಟ್ರೇ ಪೂರ್ತಿ ಎಳೆಯಬೇಕು ಅಂದರೆ ಮಷೀನ್ ಮುಂದೆ ಜಾಗ ಬೇಕು. ಬಾಗಿಲೂ ಅಗಲವಾಗಿ ತೆರೆಯಬೇಕು. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಇಡಿ ಅಂತಾರೆ, ಅಲ್ಲಿ ಟ್ರೇ ಅರ್ಧ ಮಾತ್ರ ಬರುತ್ತೆ, ಕೈ ತೂರಿಸಿ ತುಂಬುವಾಗ ಪ್ಯಾಕೆಟ್ ಓರೆ ಆಗುತ್ತೆ, ಓರೆ ಆದದ್ದು ಬೀಳದೆ ಸಿಕ್ಕಿಹಾಕಿಕೊಳ್ಳುತ್ತೆ. ದುಡ್ಡು ಕಟ್ ಆಗಿ ಚಿಪ್ಸ್ ಗಾಜಿನಾಚೆ ನೇತಾಡುತ್ತಿದ್ದರೆ ಗಿರಾಕಿ ಮಷೀನಿಗೆ ಒದೆಯುತ್ತಾನೆ. ಒದೆಯದೆ ಇನ್ನೇನು ಮಾಡ್ತಾನೆ ಪಾಪ.

ಸ್ಪ್ರಿಂಗ್ ಸುತ್ತಿನ ಅಂತರ ಒಂದೊಂದು ಮಾಲಿಗೆ ಒಂದೊಂದು. ಚಾಕೊಲೇಟ್ ಬಾರ್‌ಗೆ ಒತ್ತೊತ್ತಾಗಿ, ಚಿಪ್ಸ್‌ಗೆ ದೂರ ದೂರ. ಕಂಪನಿಯವರು ಗೊತ್ತಿಲ್ಲದ ಹಾಗೆ ಗ್ರಾಂ ಕಮ್ಮಿ ಮಾಡುತ್ತಾರೆ, ಹಬ್ಬಕ್ಕೆ ಅಂತ ಜಾಸ್ತಿ ಕೊಡುತ್ತಾರೆ. ಅಂಗಡಿಯವನಿಗೆ ಅದರಿಂದ ಏನೂ ಆಗಲ್ಲ. ನಮಗೆ ಮಾತ್ರ ಪ್ಯಾಕೆಟ್ ಅರ್ಧ ಇಂಚು ಉಬ್ಬಿದರೂ ಹಳೇ ಸ್ಪ್ರಿಂಗ್‌ನಲ್ಲಿ ಕೂರಲ್ಲ. ಅದಕ್ಕೆ ಹೊಸ ಬಾಕ್ಸ್ ಬಂದಾಗ ಒಂದು ಪ್ಯಾಕೆಟ್ ತೆಗೆದು ಗೋಡೌನ್‌ನಲ್ಲಿರುವ ಹಳೇ ಟ್ರೇಯಲ್ಲಿ ಕೂರಿಸಿ ನೋಡೋದು ರೂಢಿ.

2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿದಾಗಿನ ಫಜೀತಿಯನ್ನೂ ಇಲ್ಲೇ ಹೇಳಬೇಕು. ಬಿಸ್ಕತ್ತು, ಚಾಕೊಲೇಟಿನ ಮೇಲೆ ಶೇ 18 ಇದ್ದದ್ದು ಶೇ 5 ಆಯ್ತು, ಖಾರ-ಮಿಕ್ಸ್ಚರ್ ಶೇ 12ರಿಂದ ಶೇ 5ಕ್ಕೆ ಬಂತು, ಕೋಲಾ ಥರದ್ದು ಮಾತ್ರ ಶೇ 40ರ ಪಟ್ಟಿಗೆ ಹೋಯ್ತು. ಜನಕ್ಕೆ ಖುಷಿ, ಸರಿ. ಅಂಗಡಿಯವನಾದರೆ ಪ್ಯಾಕೆಟ್ ನೋಡಿ ಬೆಲೆ ಹೇಳುತ್ತಾನೆ. ಮಷೀನ್‌ನಲ್ಲಿ ಒಂದು ಸಾಲಿಗೆ ಒಂದೇ ಬೆಲೆ. ಹಳೇ ಎಂಆರ್‌ಪಿದು, ಹೊಸದು ಒಂದೇ ಸಾಲಲ್ಲಿ ಬೆರೆತರೆ ಮುಗೀತು. ಎಲ್ಲ ಬಾಕ್ಸ್ ಒಡೆದು, ಬೇರೆ ಬೇರೆ ಮಾಡಿ, ಪ್ರತಿ ಮಷೀನ್‌ಗೂ ಹೋಗಿ ಬೆಲೆ ಬದಲಾಯಿಸಿ ಬಂದೆವು. ಚಿಲ್ಲರೆ ಬೆಲೆ ಬಂದರೂ ಯುಪಿಐ ಇದ್ದದ್ದಕ್ಕೆ ಬಚಾವು.

ಗಾಡಿಗೆ ಹಾಕುವ ಕ್ರಮಕ್ಕೆ ಬರುತ್ತೇನೆ. ರಾತ್ರಿ ಫೋನ್‌ನಲ್ಲಿ ಯಾವ ಮಷೀನ್‌ನಲ್ಲಿ ಯಾವ ಸಾಲು ಎಷ್ಟು ಖಾಲಿ ಅಂತ ಬರುತ್ತೆ. ಅದನ್ನು ನೋಡಿಕೊಂಡು ಒಂದು ಮಷೀನಿಗೆ ಒಂದು ಕ್ರೇಟ್ ಅಂತ ಅವತ್ತೇ ತುಂಬಿಡಬೇಕು. ಕ್ರೇಟ್ ಒಳಗೂ ಟ್ರೇಗಳ ಕ್ರಮದಲ್ಲೇ, ಮೊದಲ ಟ್ರೇದು ಮೇಲೆ. ಇದನ್ನು ಮಾಡದೆ ಸುಮ್ನೆ ಬಾಕ್ಸ್‌ಗಟ್ಟಲೆ ಗಾಡಿಗೆ ಹಾಕಿಕೊಂಡು ಹೋದರೆ, ಆಸ್ಪತ್ರೆಯ ಕಾರಿಡಾರ್‌ನಲ್ಲಿ ಕೂತು ಬಾಕ್ಸ್ ಹರಿದು ಹುಡುಕುತ್ತಿರುತ್ತೀರಿ, ಮೇಲೆ ನರ್ಸ್ ಬಂದು ಬೈದು ಹೋಗುತ್ತಾರೆ. ಗಾಡಿಯಲ್ಲಿ ಕೊನೆಯ ಸ್ಟಾಪಿನ ಕ್ರೇಟ್ ಒಳಗೆ, ಮೊದಲ ಸ್ಟಾಪಿನದು ಬಾಗಿಲ ಹತ್ತಿರ. ಹೇಳೋಕೆ ಸುಲಭ. ದಾರಿಯಲ್ಲಿ ಒಂದು ಕಡೆ ಗೇಟ್ ಬಿಡದೆ ಸ್ಟಾಪಿನ ಕ್ರಮ ಬದಲಾಯಿತು ಅಂದರೆ ಎಲ್ಲ ಕೆಳಗಿಳಿಸಿ ಮತ್ತೆ ಜೋಡಿಸಬೇಕು, ಅದೂ ರಸ್ತೆ ಮೇಲೆ.

ಎಲ್ಲಕ್ಕಿಂತ ತ್ರಾಸು ನೀರಿನದು. ಅರ್ಧ ಲೀಟರಿನ 24 ಬಾಟಲಿಯ ಒಂದು ಬಾಕ್ಸ್ ಅಂದರೆ 12 ಕಿಲೋ. ಬೇಸಿಗೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹೋಗೋದು ಅದೇ, ಭಾರಕ್ಕೆ ಹೋಲಿಸಿದರೆ ಲಾಭ ಕೊಡೋದು ಅಷ್ಟಕ್ಕಷ್ಟೇ. ಚಿಪ್ಸ್ ಇದಕ್ಕೆ ಉಲ್ಟಾ. ತೂಕ ಇಲ್ಲ, ಗಾಡಿ ತುಂಬ ಗಾಳಿಯೇ. ನೀರು ಕೆಳಗೆ, ಗಾಡಿಯ ನಡುಭಾಗಕ್ಕೆ, ಅದರ ಮೇಲೆ ಬಿಸ್ಕತ್ತು, ತುದಿಗೆ ಚಿಪ್ಸ್. ಹಗ್ಗ ಬಿಗಿದರೆ ಪ್ಯಾಕೆಟ್ ಒಡೆಯುತ್ತೆ, ಬಿಗಿಯದಿದ್ದರೆ ಟಿನ್ ಫ್ಯಾಕ್ಟರಿ ಹತ್ತಿರದ ಗುಂಡಿಗಳಲ್ಲಿ ಎಲ್ಲ ಉರುಳುತ್ತೆ. ಪಿಜಿ ಮಷೀನ್‌ಗಳಿಗೆ ಸೋಪು, ಶಾಂಪೂ, ಪ್ಯಾಡ್ ಕೂಡ ಬೇಕಾಗುತ್ತೆ. ಅವಕ್ಕೆ ಬೇರೆಯೇ ಮುಚ್ಚಳದ ಕ್ರೇಟ್. ಸೋಪಿನ ಜೊತೆ ಒಂದು ಮಧ್ಯಾಹ್ನ ಕಳೆದ ಬಿಸ್ಕತ್ತು ಸ್ನಾನ ಮಾಡಿ ಬಂದ ಹಾಗೆ ಘಮಘಮ ಅನ್ನುತ್ತೆ, ಯಾರೂ ತಿನ್ನಲ್ಲ.

ಚಾಕೊಲೇಟಿನ ಕಥೆ ಇನ್ನೊಂದು. ಅದರ ಕೊಬ್ಬು 34 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲೇ ಅದನ್ನು ದಾಟುತ್ತೆ, ಇನ್ನು ಮುಚ್ಚಿದ ಗಾಡಿಯೊಳಗೆ ಕೇಳಬೇಕೇ? ಕರಗಿ ಮತ್ತೆ ಗಟ್ಟಿಯಾದರೆ ಮೇಲೆ ಬೆಳ್ಳಗೆ ಪುಡಿ ಕೂತ ಹಾಗೆ ಕಾಣುತ್ತೆ. ತಿಂದರೆ ಏನೂ ಆಗಲ್ಲ, ಆದರೆ ಗಿರಾಕಿ ಬೂಸ್ಟು ಹಿಡಿದಿದೆ ಅಂದುಕೊಂಡು ಫೋಟೊ ತೆಗೆದು ಕಳಿಸುತ್ತಾನೆ. ಥರ್ಮಾಕೋಲ್ ಡಬ್ಬದಲ್ಲಿ ಐಸ್ ಜೆಲ್ ಇಟ್ಟು ಒಯ್ಯಬೇಕು, ಮೊದಲ ಸ್ಟಾಪುಗಳಲ್ಲೇ ಇಳಿಸಿಬಿಡಬೇಕು. ಕಲಬುರಗಿ, ರಾಯಚೂರು ಕಡೆ ಈ ವ್ಯಾಪಾರ ಶುರು ಮಾಡುವವರು ಬೇಸಿಗೆಯಲ್ಲಿ ಚಾಕೊಲೇಟ್ ಆಸೆ ಬಿಟ್ಟು ಕಡಲೆಚಿಕ್ಕಿ ಇಡೋದು ವಾಸಿ ಅಂತ ನನ್ನ ಅಭಿಪ್ರಾಯ.

ಎಕ್ಸ್‌ಪೈರಿ ಬಗ್ಗೆ ಒಂದೇ ಮಾತು. ಹೋಲ್‌ಸೇಲ್‌ನಲ್ಲಿ ಏಕಾಏಕಿ ಅಗ್ಗಕ್ಕೆ ಸಿಕ್ಕಿದರೆ ಮೊದಲು ತಾರೀಕು ನೋಡಿ. ಬಾಕ್ಸ್ ಮೇಲೆ ದೊಡ್ಡದಾಗಿ ಮಾರ್ಕರ್‌ನಲ್ಲಿ ಬರೆದಿಡಿ. ಅವಧಿ ಮುಗಿದ ತಿಂಡಿ ಮಷೀನ್‌ನಿಂದ ಬಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ನಿಮ್ಮ ಹೆಸರಲ್ಲಿರುತ್ತೆ, ಮಷೀನ್ ಹೆಸರಲ್ಲಿ ಇರಲ್ಲ.

ಇಷ್ಟೆಲ್ಲ ನಮ್ಮ ಕೈಯಲ್ಲಿರೋದು, ಕಲಿತರೆ ಬರುತ್ತೆ. ನಮ್ಮ ಕೈಯಲ್ಲಿ ಇಲ್ಲದ್ದು ಗಾಡಿಯಿಂದ ಮಷೀನ್‌ವರೆಗಿನ ಆ ನೂರಿನ್ನೂರು ಹೆಜ್ಜೆ.

ಕಂಪನಿಯವರು ಬೆಳಗ್ಗೆ ಜನ ಬರೋಕೆ ಮುಂಚೆ ಬಂದು ಮುಗಿಸಿ ಅಂತಾರೆ. ಆಸ್ಪತ್ರೆಯವರಿಗೆ ರೋಗಿಗಳನ್ನು ನೋಡೋಕೆ ಬರುವ ಹೊತ್ತಲ್ಲಿ ಟ್ರಾಲಿ ಓಡಾಡಬಾರದು. ಲೇಡೀಸ್ ಪಿಜಿಯಲ್ಲಿ ವಾರ್ಡನ್ ಇರುವಾಗ, ಹಗಲಲ್ಲಿ ಮಾತ್ರ. ಇವರೆಲ್ಲ ಹೇಳೋದರಲ್ಲಿ ತಪ್ಪಿಲ್ಲ. ಇದರ ಮೇಲೆ ಬೆಳಗ್ಗೆ ಸಂಜೆ ದಟ್ಟಣೆ ಹೊತ್ತಿನಲ್ಲಿ ಹಲವು ರಸ್ತೆಗಳಲ್ಲಿ ಸರಕು ಗಾಡಿಗೆ ನಿರ್ಬಂಧ. ಅದೂ ಸರಿ, ಇಲ್ಲದಿದ್ದರೆ ಹೊರವರ್ತುಲ ರಸ್ತೆ ಇನ್ನೂ ಕೆಡುತ್ತೆ. ಎಲ್ಲ ಕಳೆದು ಉಳಿಯುವ ಹೊತ್ತಲ್ಲಿ ಹೋಗಿ ನಿಂತರೆ, ನಿಲ್ಲೋಕೆ ಜಾಗ ಇಲ್ಲ. ಬಿಲ್ಡಿಂಗ್ ಮುಂದೆ ನಿಲ್ಲಿಸಿದರೆ ಸೆಕ್ಯುರಿಟಿಯವರು ಓಡಿಸುತ್ತಾರೆ, ಬೇಸ್‌ಮೆಂಟಿಗೆ ಹೋಗಿ ಅಂತಾರೆ. ಬೇಸ್‌ಮೆಂಟ್ ಬಾಯಲ್ಲಿ ಎತ್ತರದ ಗಾಡಿ ತಡೆಯೋಕೆ ಅಡ್ಡ ಕಂಬಿ ಇರುತ್ತೆ, ಅದು ಕಾರಿನ ಲೆಕ್ಕಕ್ಕೆ ಹಾಕಿದ್ದು. ಮೇಲೆ ಬಾಡಿ ಕಟ್ಟಿಸಿದ ಛೋಟಾ ಹಾಥಿ, ಅಂದರೆ ನಮ್ಮ ಸಣ್ಣ ಸರಕು ಗಾಡಿ, ಅದರಡಿ ನುಗ್ಗಲ್ಲ. ಇನ್ನು ರಸ್ತೆ ಬದಿಗೆ ನಿಲ್ಲಿಸಿದರೆ ದಂಡ.

ದಂಡಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ, ಅದನ್ನು ಹೊರಗಿನವರು ಗಮನಿಸಿರಲಿಕ್ಕಿಲ್ಲ. ಗಾಡಿ ಬಿಟ್ಟು ಹೋಗೋಕೆ ಆಗದ್ದರಿಂದ ಡ್ರೈವರ್ ಗಾಡಿಯಲ್ಲೇ ಕೂತಿರಬೇಕು. ಪೊಲೀಸ್ ಬಂದರೆ ಮುಂದೆ ಹೋಗಿ ಒಂದು ಸುತ್ತು ಹಾಕಿ ಬರಬೇಕು. ಹುಡುಗ ಒಬ್ಬನೇ ಟ್ರಾಲಿ ತಳ್ಳಿಕೊಂಡು, ಫುಟ್‌ಪಾತ್ ಮೇಲೆ ನಿಂತ ಬೈಕ್‌ಗಳನ್ನು ಸುತ್ತಿ, ಕಲ್ಲಿನ ಅಂಚು ಬಂದಾಗ ನೀರಿನ ಬಾಕ್ಸ್ ಒಂದೊಂದೇ ಎತ್ತಿಟ್ಟು ಹೋಗಬೇಕು. ಒಬ್ಬ ಮಾಡಬಹುದಾದ ಕೆಲಸಕ್ಕೆ ಇಬ್ಬರ ಸಂಬಳ. ಎರಡು-ಮೂರು ರೂಪಾಯಿ ಲಾಭದ ಪ್ಯಾಕೆಟ್ ಈ ಸಂಬಳವನ್ನು ಹೇಗೆ ಹೊರುತ್ತೆ? ನಾನು ನೋಡಿದ ಹಾಗೆ ಸಣ್ಣವರು ಈ ವ್ಯಾಪಾರ ಬಿಟ್ಟದ್ದು ಮಾರಾಟ ಆಗದ್ದಕ್ಕಲ್ಲ, ಇದಕ್ಕೇ.

ಇದು ನಮ್ಮೊಬ್ಬರ ಗೋಳಲ್ಲ. ಹಾಲಿನ ಗಾಡಿ, ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನ್, ತರಕಾರಿ, ಕೊರಿಯರ್ ಎಲ್ಲರದೂ ಇದೇ. ಊರಿಗೆ ಊರೇ ಸಾಮಾನು ತರಿಸಿಕೊಳ್ಳುತ್ತೆ, ತಂದವರು ಹತ್ತು ನಿಮಿಷ ನಿಲ್ಲೋಕೆ ಮಾತ್ರ ಎಲ್ಲೂ ಗೆರೆ ಎಳೆದಿಲ್ಲ. ಕಾರು ನಿಲ್ಲಿಸೋಕೆ ಗೆರೆ ಇದೆ, ಬೈಕಿಗೆ ಇದೆ.

ಈಗ ಬೆಂಗಳೂರಿಗೆ ಒಂದಿದ್ದ ಪಾಲಿಕೆ ಐದಾಗಿವೆ. ರಸ್ತೆಗಳನ್ನು ಅಗೆದು ಕಾಂಕ್ರೀಟ್ ಹಾಕುತ್ತಲೇ ಇದ್ದಾರೆ. ಹಾಕುವಾಗ ಆಸ್ಪತ್ರೆ, ಆಫೀಸು, ಪಿಜಿಗಳು ಒತ್ತಾಗಿರುವ ರಸ್ತೆಯಲ್ಲಿ ಒಂದೊಂದು ಕಡೆ ಒಂದು ಗಾಡಿಯಷ್ಟು ಉದ್ದ ಬಿಟ್ಟು, ಸಾಮಾನು ಇಳಿಸೋಕೆ ಮಾತ್ರ, ಇಪ್ಪತ್ತು ನಿಮಿಷ ಅಂತ ಬೋರ್ಡ್ ಹಾಕಿದರೆ ಸಾಕು. ಜೊತೆಗೆ ಆ ಜಾಗದಿಂದ ಫುಟ್‌ಪಾತ್ ಮೇಲೆ ಹತ್ತೋಕೆ ಒಂದು ಇಳಿಜಾರು. ಅದು ವೀಲ್‌ಚೇರ್‌ನವರಿಗೂ, ಮಕ್ಕಳ ಗಾಡಿ ತಳ್ಳುವವರಿಗೂ ಆಗುತ್ತೆ. ದುಡ್ಡು ಕೊಟ್ಟು ನಿಲ್ಲಿಸಿ ಅಂದರೂ ನಾವು ತಯಾರು. ಎರಡನೆಯವನ ಸಂಬಳಕ್ಕಿಂತ ಅದು ಅಗ್ಗವೇ.

ದೊಡ್ಡ ಕಟ್ಟಡದವರಿಗೂ ಒಂದು ಮಾತು. ಮಷೀನ್ ಇಡೋಕೆ ಕಮಿಷನ್ ಮಾತಾಡುವಾಗ ಮೆಟ್ಟಿಲ ಕೆಳಗೋ ಪಂಪ್ ರೂಮ್ ಪಕ್ಕವೋ ಬೀಗ ಹಾಕುವಂಥ ಒಂದು ಕಪಾಟಿನ ಜಾಗ ಕೊಡಿ. ನೀರಿನ ಬಾಕ್ಸ್ ವಾರಕ್ಕೊಮ್ಮೆ ತಂದಿಟ್ಟುಬಿಟ್ಟರೆ ಉಳಿದ ದಿನ ಹುಡುಗ ಸ್ಕೂಟರಲ್ಲೇ ಕ್ರೇಟ್ ತಂದು ತುಂಬಿ ಹೋಗುತ್ತಾನೆ. ನಿಮ್ಮ ಗೇಟ್ ಮುಂದೆ ನಮ್ಮ ಗಾಡಿಯೂ ನಿಲ್ಲಲ್ಲ, ಜಗಳವೂ ಇರಲ್ಲ.

ಹೊಸದಾಗಿ ಶುರು ಮಾಡುವವರು ಮಷೀನ್‌ನ ಟಚ್ ಸ್ಕ್ರೀನ್ ನೋಡೋಕೆ ಮುಂಚೆ ಆ ಕಟ್ಟಡದ ಗೇಟಿಗೆ ಹೋಗಿ, ಗಾಡಿ ಎಲ್ಲಿ ನಿಲ್ಲುತ್ತೆ, ಸರ್ವೀಸ್ ಲಿಫ್ಟ್ ಯಾವಾಗ ಸಿಗುತ್ತೆ ಅಂತ ವಾಚ್‌ಮನ್ ಅವರನ್ನು ಕೇಳಿ. ಮ್ಯಾನೇಜರ್‌ಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತೆ. ಒಂದೇ ದಾರಿಯಲ್ಲಿ ಸಿಗುವ ಜಾಗಗಳನ್ನೇ ಹಿಡಿಯಿರಿ. ಹೊಸಕೋಟೆಯಲ್ಲಿ ಒಂದು, ಕೆಂಗೇರಿಯಲ್ಲಿ ಒಂದು ಅಂತ ಹೋದರೆ ಡೀಸೆಲ್‌ಗೇ ಎಲ್ಲ ಹೋಗುತ್ತೆ.

ಸಂಪಾದಕರೇ, ನಿಮ್ಮ ವರದಿಗಾರರು ಸಂಚಾರ ಪೊಲೀಸರನ್ನು, ಪಾಲಿಕೆಯ ಎಂಜಿನಿಯರ್‌ಗಳನ್ನು ಆಗಾಗ ಭೇಟಿ ಮಾಡುತ್ತಿರುತ್ತಾರೆ. ಸಾಮಾನು ಇಳಿಸೋಕೆ ಜಾಗ ಗುರುತು ಮಾಡಿಸಬೇಕಾದರೆ ಅರ್ಜಿ ಯಾರಿಗೆ ಕೊಡಬೇಕು, ಯಾವ ಕಚೇರಿಯಲ್ಲಿ ತಗೊಳ್ಳುತ್ತಾರೆ ಅಂತ ಕೇಳಿ ಪತ್ರಿಕೆಯಲ್ಲಿ ಹಾಕಿಸಿ. ಸಹಿ ಹಾಕೋಕೆ ನಮ್ಮ ಕಡೆ ಹಾಲಿನವರು, ನೀರಿನ ಕ್ಯಾನ್‌ನವರು ಎಲ್ಲ ತಯಾರಿದ್ದಾರೆ.

ಒಬ್ಬ ವೆಂಡಿಂಗ್ ಮಷೀನ್ ವ್ಯಾಪಾರಿ,
ಕೆ.ಆರ್. ಪುರ, ಬೆಂಗಳೂರು