ಅಪ್ಪನ ಸ್ಕೂಟರ್ ಕೀ

ಕೊಲಂಬಸ್, ಓಹಾಯೋ
ಫೆಬ್ರವರಿ 8, ಭಾನುವಾರ

ಅಮ್ಮನಿಗೆ ನಮಸ್ಕಾರ. ನಾವೆಲ್ಲ ಕ್ಷೇಮ. ಗಿರೀಶನ ಕೈಲಿ ಕಳಿಸಿದ್ದೆಲ್ಲ ಬಂದು ಸೇರಿತು. ಅಪ್ಪೆಮಿಡಿ ಉಪ್ಪಿನಕಾಯಿ ಒಂದು ತೊಟ್ಟೂ ಸೋರಿಲ್ಲ. ಹಲಸಿನ ಹಪ್ಪಳ ಮಾತ್ರ ಅರ್ಧ ಚೂರಾಗಿದೆ. ಚೂರನ್ನೇ ಕರಿದು ಮೊಸರನ್ನಕ್ಕೆ ಹಾಕಿಕೊಂಡೆವು. ಪುಟ್ಟಿಗೆ ಅದೇ ಜಾಸ್ತಿ ಇಷ್ಟವಾಯಿತು.

ಡಬ್ಬದ ತಳದಲ್ಲಿ ಮಡಚಿಟ್ಟಿದ್ದ ನಿನ್ನ ಕಾಗದವೂ ಸಿಕ್ಕಿತು. ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ಬರೆದೆ ಅಂದಿದ್ದೀಯ. ನಾನೂ ಬರೆದೇ ಉತ್ತರ ಕೊಡುತ್ತೇನೆ. ಗಿರೀಶ ನಾಳೆ ಬೆಳಗ್ಗೆ ಹೊರಡುತ್ತಾನೆ.

ಅಪ್ಪ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಸ್ಕೂಟರ್‌ನಿಂದ ಬಿದ್ದದ್ದು ಡಿಸೆಂಬರ್‌ನಲ್ಲಿ. ನನಗೆ ಗೊತ್ತಾಗುತ್ತಿರುವುದು ಈಗ! ಬಚ್ಚಲಲ್ಲಿ ಜಾರಿದೆ ಅಂದರಂತೆ. ಬಚ್ಚಲಲ್ಲಿ ಜಾರಿದವರ ಪ್ಯಾಂಟಿಗೆ ಜಲ್ಲಿಪುಡಿ ಹೇಗೆ ಮೆತ್ತಿತು ಅಂತ ನೀನು ಕೇಳಿದ್ದು ಸರಿಯಾಗಿಯೇ ಇದೆ. ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆಯಿತು, ಹಂಪ್ ಕಾಣಲಿಲ್ಲ ಅಂತ ಹಾಲಿನವನ ಹತ್ತಿರ ಹೇಳಿದ್ದಾರೆ, ನಿನ್ನ ಹತ್ತಿರ ಹೇಳಿಲ್ಲ. ಅದು ಕಣ್ಣಿನ ಪೊರೆಯದೇ ಕೆಲಸ ಅಮ್ಮ. ಪೊರೆ ಬಂದವರಿಗೆ ರಾತ್ರಿ ಲೈಟು ಚೆದುರಿ ಕಣ್ಣಿಗೆ ರಾಚುತ್ತದೆ. ಹಗಲು ಚೆನ್ನಾಗಿಯೇ ಕಾಣುತ್ತದಲ್ಲ ಅಂತ ಅಪ್ಪ ವಾದ ಮಾಡುವುದು ಇದಕ್ಕೇ.

ನನ್ನ ವಿಷಯವಾಗಿ ನೀನು ಹೆದರಿರುವುದಕ್ಕೆ ಮೊದಲು ಉತ್ತರ ಹೇಳಿ ಮುಗಿಸುತ್ತೇನೆ. ಟಿವಿಯಲ್ಲಿ ಅಮೆರಿಕದ ಹಿಮ ತೋರಿಸಿದಾಗಲೆಲ್ಲ ಅದು ನಮ್ಮ ಮನೆ ಬಾಗಿಲಲ್ಲೇ ಬಿದ್ದಿದೆ ಅಂದುಕೊಳ್ಳಬೇಡ. ಬಿದ್ದರೂ ಇಲ್ಲಿಯವರು ತಯಾರಾಗಿರುತ್ತಾರೆ. ಹಿಮ ಬೀಳುವ ಮೊದಲೇ ಲಾರಿ ಬಂದು ರಸ್ತೆ ಮೇಲೆ ಉಪ್ಪುನೀರಿನ ಗೆರೆ ಎಳೆದು ಹೋಗುತ್ತದೆ. ಆಮೇಲೆ ಕಲ್ಲುಪ್ಪು ಸುರಿಯುತ್ತಾರೆ. ನೀನು ನೋಡಿದರೆ ಅಯ್ಯೋ ಎಷ್ಟು ಭರಣಿ ಉಪ್ಪಿನಕಾಯಿ ಹಾಕಬಹುದಿತ್ತು ಅಂತ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಕಾರಿನ ತಳ ತುಕ್ಕು ಹಿಡಿಯುತ್ತದೆ, ಅಷ್ಟೇ. ತೀರಾ ಹೆಚ್ಚಾದರೆ ಕೌಂಟಿಯ ಶೆರಿಫ್, ಅಂದರೆ ನಮ್ಮ ಜಿಲ್ಲಾ ಪೊಲೀಸ್ ಮುಖ್ಯಸ್ಥರಂಥವನು, ಲೆವೆಲ್ 1, 2, 3 ಅಂತ ಸಾರುತ್ತಾನೆ. 3 ಅಂದರೆ ತುರ್ತು ಕೆಲಸದವರನ್ನು ಬಿಟ್ಟು ಬೇರೆ ಯಾರೂ ಗಾಡಿ ತೆಗೆಯುವಂತಿಲ್ಲ, ತೆಗೆದರೆ ಹಿಡಿದು ಒಳಗೆ ಹಾಕಬಹುದು. ಇಷ್ಟೆಲ್ಲ ಬಂದೋಬಸ್ತ್ ಇರುವಾಗ ನನಗೇನಾಗುತ್ತದೆ ಹೇಳು.

ಇಲ್ಲಿಂದ ಮುಂದಿನದನ್ನು ಅಪ್ಪನಿಗೂ ಕೇಳಿಸುವ ಹಾಗೆ ಓದು. ಡ್ರೈವಿಂಗ್ ಸುದ್ದಿ ಅಂದರೆ ಪೇಪರ್ ಕೆಳಗಿಟ್ಟು ಬರುತ್ತಾರೆ.

ನಮ್ಮ ಆರ್‌ಟಿಓದಲ್ಲಿ 8 ಹಾಕಿಸುತ್ತಾರಲ್ಲ, ಓಹಾಯೋದಲ್ಲಿ ಅದಕ್ಕೊಂದು ಅಣ್ಣ ಇದ್ದಾನೆ. ನಾಲ್ಕು ಕೋನ್ ನಿಲ್ಲಿಸಿ 9 ಅಡಿ ಅಗಲ, 20 ಅಡಿ ಉದ್ದದ ಜಾಗ ಮಾಡಿರುತ್ತಾರೆ. ಅದರಾಚೆ ನಡುವಿಗೆ ಐದನೆಯದೊಂದು. ಮುಂದಕ್ಕೆ ಹೋಗಿ, ಐದನೆಯದರ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಬೇಕು. ಮತ್ತೆ ಅದೇ ದಾರಿಯಲ್ಲಿ ರಿವರ್ಸ್ ಬರಬೇಕು. ಕೋನ್ ಉರುಳಿಸಿದರೆ ಫೇಲು. ಇಲ್ಲೇ ಹುಟ್ಟಿ ಬೆಳೆದ ಹುಡುಗರೂ ಇದಕ್ಕೆ ಹೆದರುತ್ತಾರೆ. ನಾನು ಪಾಸಾದದ್ದು ಅಪ್ಪ ಬಸ್ ಡಿಪೋ ಹಿಂದಿನ ಬಯಲಲ್ಲಿ ಕಲಿಸಿದ ರಿವರ್ಸ್‌ನಿಂದ. ಕನ್ನಡಿ ನೋಡು, ಚಕ್ರ ಎಲ್ಲಿದೆ ನೋಡು, ಗಡಿಬಿಡಿ ಮಾಡಬೇಡ ಅಂತ ಬೈಯುತ್ತಿದ್ದರಲ್ಲ, ಅದೇ. ಇದನ್ನು ಸ್ವಲ್ಪ ಜೋರಾಗಿ ಓದು.

ಸಣ್ಣ ರಸ್ತೆಗಳು ಕೂಡುವ ಕಡೆ ಸಿಗ್ನಲ್ಲೂ ಇಲ್ಲ, ಪೊಲೀಸೂ ಇಲ್ಲ. ನಾಲ್ಕೂ ಕಡೆ ಸ್ಟಾಪ್ ಬೋರ್ಡ್. ಯಾರು ಮೊದಲು ಬಂದು ನಿಂತರೋ ಅವರು ಮೊದಲು ಹೋಗಬೇಕು. ನಮ್ಮೂರ ಗೋಪಿ ಸರ್ಕಲ್‌ನಲ್ಲಿ ಇದನ್ನು ಹಾಕಿದರೆ ಏನಾಗಬಹುದು ಅಂತ ಯೋಚಿಸಿ ನಗು ಬಂತು. ಇಲ್ಲಿ ತೊಂದರೆ ಇನ್ನೊಂದು ಥರ. ಈ ಕಡೆಯ ಜನ ಮಹಾ ಮರ್ಯಾದಸ್ಥರು. ನೀವು ಹೋಗಿ ಅಂತ ಒಬ್ಬ ಕೈ ಬೀಸುತ್ತಾನೆ, ಇಲ್ಲ ನೀವೇ ಹೋಗಿ ಅಂತ ಎದುರಿನವಳು ಬೀಸುತ್ತಾಳೆ. ಕೊನೆಗೆ ಇಬ್ಬರೂ ಒಟ್ಟಿಗೇ ಮುಂದೆ ಬಂದು ಒಟ್ಟಿಗೇ ಬ್ರೇಕ್ ಹಾಕುತ್ತಾರೆ. ಹಾರ್ನ್ ಹೊಡೆಯುವವರೇ ಇಲ್ಲ. ಹೊಡೆದರೆ ಬೈದ ಹಾಗೆ. ಅದೇ ಜನ ಫ್ರೀವೇಗೆ ಹತ್ತಿದ ತಕ್ಷಣ ಮೈಮೇಲೆ ಬಂದವರಂತೆ ಓಡಿಸುತ್ತಾರೆ, ಅದು ಬೇರೆ ಮಾತು. ಊರ ಸುತ್ತ ಸುಮಾರು 88 ಕಿ.ಮೀ. ರಿಂಗ್ ರೋಡ್ ಇದೆ, ಐ-270 ಅಂತ. ಅಲ್ಲಿ ಇಂಡಿಕೇಟರ್ ಹಾಕದೆ ಲೇನ್ ಬದಲಿಸುವವರನ್ನು ಕಂಡರೆ ಅಪ್ಪ ಅಡ್ಡ ಹಾಕಿ ನಿಲ್ಲಿಸಿಯೇ ಬಿಡುತ್ತಿದ್ದರು.

ಹೊಂಡದ ವಿಷಯದಲ್ಲಿ ಮಾತ್ರ ನಾವು ತಲೆ ತಗ್ಗಿಸಬೇಕಾಗಿಲ್ಲ. ನಮ್ಮಲ್ಲಿ ಮಳೆ ಹೊಂಡ ಮಾಡುತ್ತದೆ, ಇಲ್ಲಿ ಚಳಿ ಮಾಡುತ್ತದೆ. ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ ಹಿಗ್ಗಿ ಟಾರನ್ನು ಸೀಳುತ್ತದೆ. ಬಿಸಿಲಿಗೆ ಕರಗುತ್ತದೆ, ಮತ್ತೆ ಗಟ್ಟಿಯಾಗುತ್ತದೆ. ಮಾರ್ಚ್ ಹೊತ್ತಿಗೆ ಟೈರ್ ನುಂಗುವಂಥ ಹೊಂಡ. ವರ್ಷಕ್ಕೆ ಎರಡೇ ಕಾಲ, ಚಳಿಗಾಲ ಮತ್ತು ರಸ್ತೆ ಕೆಲಸದ ಕಾಲ ಅಂತ ಇಲ್ಲಿಯವರೇ ನಗುತ್ತಾರೆ. ಬೇಸಿಗೆ ಪೂರ್ತಿ ಕಿತ್ತಳೆ ಬಣ್ಣದ ಡ್ರಮ್ಮುಗಳು ಸಾಲಾಗಿ ನಿಂತಿರುತ್ತವೆ. ಕೆಲಸ ಮಾಡುವವರು ಕಾಣಿಸುವುದು ಅಪರೂಪ. ಇದಂತೂ ನಮ್ಮೂರೇ.

ನ್ಯೂಜೆರ್ಸಿಯ ಸುಮಂತ ಫೋನ್ ಮಾಡಿದಾಗಲೆಲ್ಲ, ಏನೋ, ಜೋಳದ ಹೊಲದ ಮಧ್ಯೆ ಹೇಗಿದ್ದೀಯ ಅಂತ ಆಡಿಕೊಳ್ಳುತ್ತಾನೆ. 9 ಲಕ್ಷ ಜನ ಇರುವ ಊರು ಮಾರಾಯ, ರಾಜ್ಯದ ರಾಜಧಾನಿ ಅಂತ ಹೇಳಿ ಹೇಳಿ ಸಾಕಾಯಿತು. ಅವನು ಟೋಲ್ ಕಟ್ಟಿ ಸುರಂಗದಲ್ಲಿ ಸಾಲು ನಿಂತಿರುವ ಹೊತ್ತಿಗೆ ನಾನು ಮನೆಗೆ ಬಂದು ಕಾಫಿ ಕುಡಿದಿರುತ್ತೇನೆ. ಇಲ್ಲಿ ಎಲ್ಲಿಗೆ ಹೋದರೂ ಇಪ್ಪತ್ತು ನಿಮಿಷ ಅನ್ನುತ್ತಾರೆ, ಹೆಚ್ಚು ಕಡಿಮೆ ನಿಜ. ಫುಟ್‌ಬಾಲ್ ಇರುವ ಶನಿವಾರ ಮಾತ್ರ ಯೂನಿವರ್ಸಿಟಿ ಕಡೆ ತಲೆ ಹಾಕಬಾರದು. ಒಂದು ಲಕ್ಷ ಜನ ಹಿಡಿಸುವ ಸ್ಟೇಡಿಯಂ ಅದು.

ಆದರೆ ಇಷ್ಟು ದೊಡ್ಡ ಊರಿಗೆ ರೈಲು ಇಲ್ಲ ಅಂದರೆ ನಂಬುತ್ತೀಯಾ? ಪ್ಯಾಸೆಂಜರ್ ರೈಲು 1979ರಲ್ಲಿ ನಿಂತದ್ದು ಮತ್ತೆ ಬಂದೇ ಇಲ್ಲ. ನಮ್ಮ ಶಿವಮೊಗ್ಗದಿಂದ ಬೆಂಗಳೂರಿಗೆ ಎಷ್ಟು ರೈಲಿವೆ! ಬಸ್ಸು ಇದೆ, ನಮ್ಮ ಬಡಾವಣೆಗೆ ಬರುವುದಿಲ್ಲ. ಬಸ್ಸಿಗೇ ಬೇರೆ ದಾರಿ ಮಾಡಿ ಜಾಸ್ತಿ ಬಿಡಬೇಕು ಅಂತ 2024ರ ನವೆಂಬರ್‌ನಲ್ಲಿ ಜನ ಓಟು ಹಾಕಿ, ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ಅದು ನನಗೆ ಹಿಡಿಸಿತು. ಆಚೆ ನ್ಯೂ ಆಲ್ಬನಿ ಕಡೆ ಇಂಟೆಲ್‌ನವರು ಚಿಪ್ ಕಾರ್ಖಾನೆ ಕಟ್ಟುತ್ತೇವೆ ಅಂತ 2022ರಲ್ಲಿ ಹೇಳಿದರು. 2,000 ಕೋಟಿ ಡಾಲರ್ ಲೆಕ್ಕ. ಹೊಲ ಹೋಗಿ ರಸ್ತೆ ಬಂತು. ಕಾರ್ಖಾನೆ ಶುರುವಾಗುವುದು 2030ಕ್ಕೋ 2031ಕ್ಕೋ ಅನ್ನುತ್ತಾರೆ ಈಗ. ಅಭಿವೃದ್ಧಿ ಅಂದರೆ ಮೊದಲು ಸೈಟಿನ ರೇಟು, ಆಮೇಲೆ ಉಳಿದದ್ದು ಅಂತ ಅಪ್ಪ ಹೇಳುತ್ತಿದ್ದದ್ದು ಇಲ್ಲಿಗೂ ಸರಿಹೋಗುತ್ತದೆ.

ಈಗ ನಮ್ಮ ಪಕ್ಕದ ಮನೆ ತಾತನ ವಿಷಯ. ಮೇರಿಸ್‌ವಿಲ್‌ನಲ್ಲಿ ಹೋಂಡಾದವರು 1982ರಲ್ಲಿ ಕಾರು ಕಟ್ಟಲು ಶುರು ಮಾಡಿದರಲ್ಲ, ಆ ಕಾರ್ಖಾನೆಯಲ್ಲೇ ದುಡಿದು ನಿವೃತ್ತನಾದವನು. ನನ್ನ ಕಾರು ಗೇಟಿಗೆ ಬರುವಾಗ ಸದ್ದು ಕೇಳಿಯೇ ಬ್ರೇಕ್ ಪ್ಯಾಡ್ ಸವೆದಿದೆ ನೋಡು ಅನ್ನುತ್ತಾನೆ. ಸುಮ್ನೆ ಹೇಳುವುದಲ್ಲ, ಸವೆದೇ ಇರುತ್ತದೆ. ಇಲ್ಲಿ ಲೈಸೆನ್ಸ್ ರಿನ್ಯೂ ಮಾಡಿಸುವಾಗ ಒಂದು ಯಂತ್ರಕ್ಕೆ ಹಣೆ ಒತ್ತಿ ಒಳಗೆ ಕಾಣುವ ಅಕ್ಷರ ಓದಬೇಕು. ಅವನಿಗೆ ಓದಲು ಆಗಲಿಲ್ಲ. ಕಣ್ಣಿನ ಹಿಂದಿನ ಪರದೆಯೇ ಹಾಳಾಗಿದೆ, ಆಪರೇಷನ್ ಮಾಡಿದರೂ ಸರಿಯಾಗುವಂಥದ್ದಲ್ಲ. ಕಾರನ್ನು ಮೊಮ್ಮಗನಿಗೆ ಕೊಟ್ಟ. ಅಂದಿನಿಂದ ಮನೆಯಲ್ಲೇ. ಹಾಲು ಬೇಕೆಂದರೂ ಕಾರು ಬೇಕಾದ ಊರಿದು. ಫುಟ್‌ಪಾತು ಒಂದಷ್ಟು ದೂರ ಬಂದು, ಕಾರಣವೇ ಇಲ್ಲದೆ ಹುಲ್ಲಿನಲ್ಲಿ ನಿಂತುಹೋಗುತ್ತದೆ. ಆಟೋ ಇಲ್ಲ, ಮೂಲೆ ಅಂಗಡಿ ಇಲ್ಲ. ಕೂಗಿದರೆ ಬರುವ ಹುಡುಗರೂ ಇಲ್ಲ. ಭಾನುವಾರ ನಾನು ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ. ಅರ್ಧ ಗಂಟೆ ಮೊದಲೇ ಜಾಕೆಟ್ ಹಾಕಿಕೊಂಡು, ಚೀಟಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ.

ಅಪ್ಪ, ಇದು ನಿಮಗೆ. ನೀವು ಆಗುಂಬೆ ಘಾಟಿಯ 14 ತಿರುವಿನಲ್ಲಿ ಮಿನಿ ಬಸ್ಸು ಇಳಿಸಿದವರು, ಬೆಳ್ಳಿ ಪದಕ ತಂದವರು. ಯಾರೂ ನಿಮ್ಮ ಡ್ರೈವಿಂಗ್ ಬಗ್ಗೆ ಮಾತಾಡುತ್ತಿಲ್ಲ. ಮಾತಾಡುತ್ತಿರುವುದು ಕಣ್ಣಿನ ಬಗ್ಗೆ. ಆ ತಾತನಿಗೆ ದಾರಿ ಇಲ್ಲ, ನಿಮಗೆ ಇದೆ. ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ ಅಂತ ಕಾಯುತ್ತಿದ್ದದ್ದು ಅಜ್ಜನ ಕಾಲದಲ್ಲಿ. ಈಗ ಕಾಯಬೇಕಾಗಿಲ್ಲ, ಕಾದರೆ ಗಟ್ಟಿಯಾಗಿ ಡಾಕ್ಟರಿಗೇ ಕಷ್ಟ. ಅರ್ಧ ಗಂಟೆಯ ಕೆಲಸ, ಲೆನ್ಸ್ ಹಾಕಿ ಅವತ್ತೇ ಮನೆಗೆ ಕಳಿಸುತ್ತಾರೆ. ಅಲ್ಲಿಯತನಕ ಸ್ಕೂಟರ್ ಬೇಡ. ವಿನೋಬನಗರದಿಂದ ಗಾಂಧಿ ಬಜಾರಿಗೆ ಆಟೋ ಇದೆ, ಸಿಟಿ ಬಸ್ ಇದೆ. ಚೌಕಿಯ ತನಕ ನಡೆದರೆ ತರಕಾರಿಯೂ ಸಿಗುತ್ತದೆ, ಹರಟೆಗೆ ನಾಲ್ಕು ಜನರೂ ಸಿಗುತ್ತಾರೆ. ಸ್ಕೂಟರ್ ಬಿಟ್ಟರೆ ನಿಮ್ಮದು ಏನೂ ನಿಲ್ಲುವುದಿಲ್ಲ. ಇಲ್ಲಿ ಕೀ ಕೊಟ್ಟವನದು ಎಲ್ಲವೂ ನಿಲ್ಲುತ್ತದೆ.

ಇನ್ನು ನೀನೊಬ್ಬಳೇ ಓದು. ಕೀಯನ್ನು ದೇವರ ಮನೆಯಲ್ಲಿ ಬಚ್ಚಿಡಬೇಡ, ಅಲ್ಲಿಯೇ ಮೊದಲು ಹುಡುಕುತ್ತಾರೆ. ರಘುಗೆ ಕೊಡು. ಸ್ಕೂಟರ್ ಸರ್ವೀಸಿಗೆ ಬಿಟ್ಟಿದ್ದೇನೆ, ಪಾರ್ಟ್ ಬಂದಿಲ್ಲ ಅಂತ ಅವನು ಹೇಳಲಿ. ಹರಕೆರೆಯ ಕಣ್ಣಾಸ್ಪತ್ರೆಗೆ ಈ ವಾರವೇ ತೋರಿಸಿ. ಶುಗರ್ ಎಷ್ಟಿದೆ ಅಂತ ನೀನು ಬರೆದೇ ಇಲ್ಲ. ಅದು ಹತೋಟಿಗೆ ಬರದೆ ಆಪರೇಷನ್ ಮಾಡುವುದಿಲ್ಲ. ಹಬ್ಬ ಹಬ್ಬ ಅಂತ ಹೋಳಿಗೆ ಮಾಡಬೇಡ. ಆಮೇಲೆ ಕೆಲವು ವಾರ ಕಣ್ಣಿಗೆ ಡ್ರಾಪ್ಸ್ ಹಾಕಬೇಕು, ನಿನ್ನ ಕೈ ನಡುಗುತ್ತದೆ, ಸುಮಕ್ಕ ಬಂದಿರಲಿ. ಭಾವನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಅಪ್ಪನ ಡಿಎಲ್ ಯಾವ ವರ್ಷದ ತನಕ ಇದೆ ನೋಡಿ ತಿಳಿಸು. ಮುಗಿದೇ ಹೋಗಿದ್ದರೂ ಆಶ್ಚರ್ಯವಿಲ್ಲ.

ದುಡ್ಡಿನ ಯೋಚನೆ ಬೇಡ. ಹಂಚು ಹೊದಿಸಲು ಅಂತ ಇಟ್ಟದ್ದನ್ನು ಮುಟ್ಟಬೇಡ, ಬೇರೆಯೇ ಕಳಿಸಿದ್ದೇನೆ. ಸೋಮವಾರ ಮಂಗಳವಾರದೊಳಗೆ ನಿನ್ನ ಖಾತೆಗೆ ಬರುತ್ತದೆ. ಇಲ್ಲಿ ಕೆಲಸ ಚೆನ್ನಾಗಿದೆ, ಆಫೀಸಿನಲ್ಲಿ ಕೆಲವರನ್ನು ತೆಗೆದರು ಅಂತ ಗಿರೀಶ ಹೇಳಿದರೆ ಗಾಬರಿಯಾಗಬೇಡ, ಅದು ನಮ್ಮ ವಿಭಾಗ ಅಲ್ಲವೇ ಅಲ್ಲ. ನಾನು ನಿಧಾನವಾಗಿಯೇ ಓಡಿಸುತ್ತೇನೆ, ಸ್ವೆಟರ್ ಹಾಕುತ್ತೇನೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ. ಕೆಮ್ಮು ಪೂರ್ತಿ ಹೋಗಿದೆ. ಫೋನಿನಲ್ಲಿ ಕೇಳಿಸಿದ್ದು ಪುಟ್ಟಿಯದು, ಅವಳದೂ ಹೋಗಿದೆ.

ಗಿರೀಶ ಪೆಟ್ಟಿಗೆ ಬೀಗ ಹಾಕುತ್ತಿದ್ದಾನೆ, ಕಾಗದ ಕೊಡು ಅಂತ ಎರಡನೇ ಸಲ ಕೂಗಿದ. ದೊಡ್ಡಮ್ಮನಿಗೆ ನಮಸ್ಕಾರ ತಿಳಿಸು. ಅವರ ಮಂಡಿನೋವಿನ ಎಣ್ಣೆ ಸಿಕ್ಕಿಲ್ಲ, ಬದಲಿಗೆ ಬೇರೆ ಕಳಿಸಿದ್ದೇನೆ, ಹಸಿರು ಟ್ಯೂಬು, ಬಾಯಿಗೆ ತೆಗೆದುಕೊಳ್ಳುವುದಲ್ಲ ಅಂತ ಹೇಳು. ಆಸ್ಪತ್ರೆಗೆ ಹೋದ ದಿನ ಎಷ್ಟು ಹೊತ್ತಾದರೂ ಫೋನ್ ಮಾಡು.

ಇಂತಿ ನಿನ್ನ,
ಮಂಜು