ಎಮ್ಮೆಗೆ ಬರೆ ಹಾಕುವ ಮುಂಚೆ

ತೀರ್ಥಹಳ್ಳಿ
ಆರಿದ್ರಾ ಮಳೆ ಹಿಡಿದ ವಾರ

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಶಿವಮೊಗ್ಗದ ಫುಟ್‌ಬಾಲ್ ಲೀಗಿನ ಶಿಸ್ತು ಸಮಿತಿಗೆ ನೀನು ಕಾರ್ಯದರ್ಶಿಯಂತೆ, ಕೈಗೆ ಬಂದ ಮೊದಲ ಪ್ರಕರಣವೇ ಒಬ್ಬ ಮಾಲೀಕರದ್ದಂತೆ. ಗೋಲಿನ ಜಗಳದಲ್ಲಿ ಸಾಹುಕಾರರು ಟಚ್‌ಲೈನಿಗೆ ಬಂದು ಕೈಬೀಸಿದರು, ಹುಡುಗರು ಅಂಗಳ ಬಿಟ್ಟು ಹೊರಟರು. ಈಗ ಸಮಿತಿಯ ಅರ್ಧ ಜನ ತಂಡವನ್ನೇ ಕಿತ್ತುಹಾಕಿ ಅನ್ನುತ್ತಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ.

2023ರ ಮಾರ್ಚ್ 3ರಂದು ಕಂಠೀರವದಲ್ಲಿ ನಡೆದದ್ದನ್ನು ನೆನಪಿಸಿಕೋ. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಥಟ್ಟನೆ ಹೊಡೆದ ಫ್ರೀಕಿಕ್ ಗೋಲಾಯಿತು, ಕೇರಳ ಬ್ಲಾಸ್ಟರ್ಸ್ ಕೋಚ್ ತಂಡವನ್ನು ಹೊರಗೆ ಕರೆದುಕೊಂಡು ಹೋದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೇರಳ ಕ್ಲಬ್ಬಿಗೆ 4 ಕೋಟಿ ದಂಡ ಹಾಕಿತು; ಕೋಚ್‌ಗೆ 10 ಪಂದ್ಯ ನಿಷೇಧ, ಮೇಲೆ 5 ಲಕ್ಷ. ಬಹಿರಂಗವಾಗಿ ಕ್ಷಮೆ ಕೇಳದಿದ್ದರೆ ಅದೇ ಮೊತ್ತ 6 ಕೋಟಿ, 10 ಲಕ್ಷ. ಮೊತ್ತ ಜಾಸ್ತಿಯಾಯಿತೋ ಇಲ್ಲವೋ ಅನ್ನುವ ವಾದ ಬೇರೆ. ಕರೆದವನ ತಪ್ಪನ್ನೂ ಕ್ಲಬ್ಬಿನ ತಪ್ಪನ್ನೂ ಬೇರೆ ಬೇರೆ ತೂಗಿದ್ದನ್ನು ಮಾತ್ರ ನೋಡು. ನಿನ್ನ ಆದೇಶದಲ್ಲೂ ಮಾಲೀಕರಿಗೊಂದು ಪ್ಯಾರಾ, ತಂಡಕ್ಕೊಂದು ಪ್ಯಾರಾ ಇರಲಿ.

ಮಾಲೀಕರಿಗೆ ಚುರುಕು ಮುಟ್ಟಿಸುವುದು ಸುಲಭವಲ್ಲ. ಅಮೆರಿಕದ ಎನ್‌ಎಫ್‌ಎಲ್ ನೋಡು (ಕೈಯಲ್ಲಿ ಚೆಂಡು ಹಿಡಿದು ಓಡುವುದಕ್ಕೆ ಅವರು ಫುಟ್‌ಬಾಲ್ ಅನ್ನುತ್ತಾರೆ, ಇರಲಿ). 2022ರಲ್ಲಿ ಮಯಾಮಿ ಡಾಲ್ಫಿನ್ಸ್ ಮಾಲೀಕ ಸ್ಟೀಫನ್ ರಾಸ್ ಬೇರೆ ತಂಡದ ಜೊತೆ ಒಪ್ಪಂದದಲ್ಲಿದ್ದವರನ್ನು ಒಳಗಿಂದೊಳಗೆ ಸೆಳೆಯಲು ಹೋದದ್ದು ಸಾಬೀತಾಯಿತು. ಅವರಿಗೆ 15 ಲಕ್ಷ ಡಾಲರ್ ದಂಡ, ಅಕ್ಟೋಬರ್ 17ರವರೆಗೆ ಅಮಾನತು. ಅಲ್ಲಿ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ; ತಂಡಕ್ಕೆ 2023ರ ಮೊದಲ ಸುತ್ತಿನ, 2024ರ ಮೂರನೇ ಸುತ್ತಿನ ಆಯ್ಕೆಗಳೇ ಹೋದವು. ಕೋಟ್ಯಧಿಪತಿಗೆ ಆ ದಂಡ ಚಿಲ್ಲರೆ. ಹೊಸ ಹುಡುಗ ಸಿಗದೆ ಒದ್ದಾಡುವವರು ಕೋಚು ಮತ್ತು ಅಭಿಮಾನಿಗಳು. ವಾಷಿಂಗ್ಟನ್ ತಂಡದ ಮಾಲೀಕ ಡ್ಯಾನ್ ಸ್ನೈಡರ್‌ಗೆ 2023ರಲ್ಲಿ 6 ಕೋಟಿ ಡಾಲರ್ ದಂಡ ಬಿತ್ತು ಅಂತ ಪತ್ರಿಕೆಗಳು ದೊಡ್ಡದಾಗಿ ಬರೆದವು. ಅದೇ ಹೊತ್ತಿಗೆ ತಂಡ ಮಾರಿ ಬಂದದ್ದು 605 ಕೋಟಿ ಡಾಲರ್. ನೂರಕ್ಕೆ ಒಂದು. ಅಡಿಕೆ ಮಂಡಿಯ ದಲಾಲಿಯೂ ಅದಕ್ಕಿಂತ ಹೆಚ್ಚು!

ಹಾಗಾಗಿ ನಿನ್ನ ಲೀಗಿನಲ್ಲಿ ಹಣದ ದಂಡವನ್ನೇ ನೆಚ್ಚಬೇಡ. ಮಾಲೀಕರಿಗೆ ತಾಕುವುದು ಜಂಬದ ಜಾಗ: ಡ್ರೆಸ್ಸಿಂಗ್ ರೂಮು, ಬೆಂಚು, ಟ್ರೋಫಿ ಕೊಡುವ ವೇದಿಕೆ, ಮುಂದಿನ ಹರಾಜಿನ ಮೇಜು. ಇವುಗಳಿಂದ ಇಷ್ಟು ಪಂದ್ಯ ದೂರ ಅಂತ ಬರೆ. ಪಂದ್ಯದ ಹೊತ್ತಿನಲ್ಲಿ ಕೋಚಿಗೆ ಫೋನು, ವಾಟ್ಸಾಪು ಕೂಡ ಇಲ್ಲ ಅಂತ ಸೇರಿಸು. ಅದಿಲ್ಲದಿದ್ದರೆ ಮನುಷ್ಯ ಗ್ಯಾಲರಿಯಲ್ಲಿ ಕೂತೇ ತಂಡ ನಡೆಸುತ್ತಾನೆ. ಹಣ ಹಾಕಲೇಬೇಕಿದ್ದರೆ ಸೀಸನ್ನಿನ ಮೊದಲೇ ಪ್ರತಿ ಮಾಲೀಕರಿಂದ 25 ಸಾವಿರ ಠೇವಣಿ ಇಟ್ಟುಕೊಂಡು ಅದರಿಂದ ಕಡಿ. ಇಲ್ಲವಾದರೆ ದಂಡ ಹುಡುಗರ ಮ್ಯಾಚ್ ಫೀಸಿನಿಂದ ಹೋಗುತ್ತದೆ, ರಸೀದಿ ಮಾತ್ರ ಸಾಹುಕಾರರ ಹೆಸರಲ್ಲಿ.

ತಂಡಕ್ಕೆ ಏನು? ಬಿಟ್ಟುಹೋದ ಪಂದ್ಯ ಸೋಲು, ಅಷ್ಟು ಸಾಕು. ಅಂಕ ಕಡಿಯುವ ಮಾತು ಬಂದರೆ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಎವರ್ಟನ್ ಕ್ಲಬ್ಬಿನ ಕಥೆ ಹೇಳು. ಮೂರು ವರ್ಷದಲ್ಲಿ 10.5 ಕೋಟಿ ಪೌಂಡ್ ನಷ್ಟದ ಮಿತಿ; ಅವರದ್ದು 12.45 ಕೋಟಿಗೆ ಹೋಗಿತ್ತು. 2023ರ ನವೆಂಬರಿನಲ್ಲಿ 10 ಅಂಕ ಕಡಿದರು, ಫೆಬ್ರವರಿಯಲ್ಲಿ ಮೇಲ್ಮನವಿ ಸಮಿತಿ ಅದನ್ನು 6ಕ್ಕೆ ಇಳಿಸಿತು, ಏಪ್ರಿಲಿನಲ್ಲಿ ಮುಂದಿನ ಅವಧಿಯ ಲೆಕ್ಕಕ್ಕೆ ಮತ್ತೆ 2. ಒಂದೇ ಸೀಸನ್ನಿನಲ್ಲಿ ಪಟ್ಟಿ ಮೂರು ಸಲ ತಿದ್ದಿದಂತಾಯಿತು. ಎಷ್ಟು ಮೀರಿದರೆ ಎಷ್ಟು ಅಂಕ ಅನ್ನುವ ಅಳತೆಗೋಲು ಪ್ರೀಮಿಯರ್ ಲೀಗಿನ ನಿಯಮದಲ್ಲಿ ಇರಲೇ ಇಲ್ಲ. ಅದರ ಕೆಳಗಿನ ದರ್ಜೆಗಳ ಲೀಗಾದ ಇಎಫ್‌ಎಲ್‌ನಲ್ಲಿದ್ದ ಮಾರ್ಗಸೂಚಿಯನ್ನಾದರೂ ಗಮನಿಸಬೇಕಿತ್ತು ಎಂದು ಮೇಲ್ಮನವಿ ಸಮಿತಿ ಹೇಳಿತು. ಗದ್ದೆಗೆ ಇಳಿದಮೇಲೆ ಗಡಿಕಲ್ಲು ನೆಟ್ಟರೆ ಯಾರು ಒಪ್ಪುತ್ತಾರೆ? ನಿಮ್ಮ ನಿಯಮ ಪುಸ್ತಕದಲ್ಲಿ ಅಂಕ ಕಡಿತದ ಕೋಷ್ಟಕ ಇಲ್ಲದಿದ್ದರೆ ಈ ವರ್ಷ ಆ ದಾರಿಗೆ ಹೋಗಬೇಡ. ಮುಂದಿನ ನೋಂದಣಿ ಫಾರಮ್ಮಿನ ಹಿಂದೆ ಅಚ್ಚು ಹಾಕಿಸಿ ಸಹಿ ತಗೊ.

ಇನ್ನು ವಿಚಾರಣೆ. ನೋಟಿಸಿನಲ್ಲಿ ‘ಅನುಚಿತ ವರ್ತನೆ’ ಅಂತ ತೇಲಿಸಬೇಡ. ಯಾವ ನಿಯಮ, ಎಷ್ಟನೇ ನಿಮಿಷ, ಯಾರು ಯಾರನ್ನು ಕರೆದರು, ನಾಯಕ ರೆಫರಿಗೆ ಏನಂದ, ರೆಫರಿ ಎಷ್ಟು ಹೊತ್ತು ಕಾದರು. ರೆಫರಿ ವರದಿಯ ಪ್ರತಿ, ವಿಡಿಯೊ ಇದ್ದರೆ ಅದೂ ಲಗತ್ತಿಸು. ಉತ್ತರಕ್ಕೆ ಮೂರು ದಿನ ಕೊಡು, ಏಳು ದಿನದೊಳಗೆ ಆದೇಶ ಆಗಲಿ. ತಡವಾದರೆ ನಡುವಿನ ಪಂದ್ಯಗಳೆಲ್ಲ ತಕರಾರಿಗೆ ಬೀಳುತ್ತವೆ. ಗೋಲು ಸರಿಯೋ ತಪ್ಪೋ ಅನ್ನುವುದು ಈ ವಿಚಾರಣೆಯಲ್ಲ. ಅಲ್ಲಿಗೆ ಎಳೆದರೆ ರಾತ್ರಿ ಹನ್ನೆರಡಾಗುತ್ತದೆ.

ಮೇಲ್ಮನವಿಗೆ ಬೇರೆ ಮೂವರು ಬೇಕು. ಎನ್‌ಎಫ್‌ಎಲ್ ಆಟಗಾರ ಟಾಮ್ ಬ್ರೇಡಿಗೆ ಗಾಳಿ ಇಳಿಸಿದ ಚೆಂಡಿನ ವಿಷಯದಲ್ಲಿ 4 ಪಂದ್ಯದ ಅಮಾನತು ಬಂದಾಗ ಅದರ ಮೇಲ್ಮನವಿ ಕೇಳಿದ್ದು ಲೀಗಿನ ಮುಖ್ಯಸ್ಥರಾದ ಕಮಿಷನರ್ ಗುಡೆಲ್ ತಾವೇ. 2015ರಲ್ಲಿ ಒಂದು ಕೋರ್ಟು ಶಿಕ್ಷೆ ರದ್ದುಮಾಡಿತು, 2016ರಲ್ಲಿ ಮೇಲಿನ ಕೋರ್ಟು ಎತ್ತಿಹಿಡಿಯಿತು. ಒಪ್ಪಂದದಲ್ಲೇ ಹಾಗಿತ್ತು, ಕಾನೂನು ಪ್ರಕಾರ ಸರಿಯೇ. ಆದರೂ ಶಿಕ್ಷೆ ಕೊಟ್ಟ ಕಡೆಯವರೇ ಮೇಲ್ಮನವಿ ಕೇಳಿದರು ಅನ್ನುವ ಮಾತನ್ನು ಹತ್ತು ವರ್ಷ ಕಳೆದರೂ ಜನ ಬಿಟ್ಟಿಲ್ಲ.

ಇದೇ ಕಾರಣಕ್ಕೆ ಇನ್ನೊಂದು ಮಾತು. ನಿಮ್ಮ ಸಮಿತಿಯ ಅಧ್ಯಕ್ಷರು ಎದುರು ತಂಡದ ಮಾಲೀಕರ ಬೀಗರಂತೆ. ಭಾನುವಾರದ ವಿಚಾರಣೆಯಲ್ಲಿ ಅವರು ಕೂರುವ ಹಾಗಿಲ್ಲ. ಅದನ್ನು ಶನಿವಾರದೊಳಗೆ ಬರವಣಿಗೆಯಲ್ಲಿ ಅವರ ಕೈಗೇ ಕೊಡು, ಮನೆಗೆ ಹೋಗಿ, ಕಾಫಿ ಕುಡಿದು, ಮೆತ್ತಗೆ.

ಇಂತಿ,
ದೊಡ್ಡಪ್ಪ