ಲೋಕಲ್‌ನಲ್ಲಿ ಸಿಕ್ಕ ಆ ಅಕ್ಕಾರಿಗೆ

ಮುಂಬೈನ ಡೊಂಬಿವ್ಲಿ ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲಿ ನಾನು ಫೋನಲ್ಲಿ ಅಮ್ಮಂಗೆ "ತೂಕ ಬಂತಲ್ಲ, ಇನ್ನು ಥೆರಪಿ ಸಾಕು" ಅಂತಿದ್ದಿದ್ದು ಕೇಳಿಸ್ಕೊಂಡು, "ತಂಗಿ, ಈಗ ಬಿಡಬ್ಯಾಡವಾ, ನನ್ನ ಮಗಳಿಗೂ ಇದ ಇತ್ತು" ಅಂದ್ರಲ್ಲ, ಆ ಧಾರವಾಡದ ಕಡೆಯ ಅಕ್ಕಾರಿಗೆ ತುಂಬಾ ಥ್ಯಾಂಕ್ಸ್.

ನನಗಿರೋದು ಅನೊರೆಕ್ಸಿಯಾ, ದಪ್ಪ ಆಗ್ಬಿಡ್ತೀನಿ ಅನ್ನೋ ಭಯಕ್ಕೆ ಊಟ ತೀರಾ ಕಮ್ಮಿ ಮಾಡ್ಕೊಳೋ ಮನಸ್ಸಿನ ಕಾಯಿಲೆ. ಹಾಗಂದ್ರೆ ನಮ್ಮವ್ರು "ತಿನ್ನೋಕೇನು ರೋಗ" ಅಂತಾರೆ, ಉಪವಾಸ ಅಂದ್ಬಿಟ್ರೆ ಹೊಗಳ್ತಾರೆ ಬೇರೆ! ನೀವು ಮಾತ್ರ ಕುರ್ಲಾ ಬರೋವರೆಗೂ ಬಿಡಿಸಿ ಹೇಳಿದ್ರಿ, ತೂಕ ಏರೋದು ಮುಖ್ಯ ಹೌದು ಆದ್ರೆ ತಲೆಯೊಳಗಿನ ಭಯ ಅಷ್ಟು ಬೇಗ ಹೋಗಲ್ಲ, ಇದನ್ನ ವಾಸಿ ಮಾಡೋ ಮಾತ್ರೆ ಅಂತ ಒಂದಿಲ್ಲ, ಅದಕ್ಕೇ ತೂಕ ತೀರಾ ಕಮ್ಮಿ ಇರೋ ದೊಡ್ಡೋರಿಗೆ ಸಿಬಿಟಿ-ಇ (ಊಟ, ತೂಕದ ಬಗ್ಗೆ ಇರೋ ಯೋಚನೆ, ಅಭ್ಯಾಸ ಬದಲಿಸೋ ಮಾತಿನ ಚಿಕಿತ್ಸೆ) ಥರದ ಥೆರಪಿ ಸುಮಾರು 40 ವಾರ ನಡೆಯತ್ತೆ ಅಂತ. ಹದಿಹರೆಯದವರಿಗಾದ್ರೆ ಅಪ್ಪ-ಅಮ್ಮನೇ ಊಟದ ಜವಾಬ್ದಾರಿ ಹೊರೋ ಫ್ಯಾಮಿಲಿ ಥೆರಪಿ ಇದೆ, ನಮ್ಮಂಥೋರು ತಟ್ಟೆ ಮುಂದೆ ನಾವೇ ಕೂರಬೇಕು, ಅದೇ ಕಷ್ಟ.

ನಾನು ಬಿಡ್ಲಿಲ್ಲ ಅಕ್ಕಾ. ಈಗ ಸೆಷನ್‌ನಲ್ಲಿ ತೂಕಕ್ಕಿಂತ ಜಾಸ್ತಿ, ಕನ್ನಡಿ ನೋಡಿದಾಗ ಏನೇನ್ ಅನ್ಸುತ್ತೆ ಅನ್ನೋದೇ ಮಾತು. ನಿಮ್ಮ ಮಗಳಿಗೂ ನನ್ನ ನಮಸ್ಕಾರ ತಿಳಿಸಿ.